ಹೊತ್ತು ಮುಳುಗೂದ್ರಾಗ

ದತ್ತವಾಡದಿಂದ ನದಿಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಸಣ್ಣ ಊರು. ಆ ಊರಿನ ಜಿನದತ್ತ ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಕೊಲ್ಲಾಪುರದ ಜಿಲ್ಲಾ ಪರಿಷತ್ತಿಗೆ ಆರಿಸಿ ಬಂದ. ಅಲ್ಲಿಯವರೆಗೆ ದನ ಮೇಯಿಸಿ ಬಂದವರು ಬೆವರು ಆರಿಸಿಕೊಳ್ಳುತ್ತಿದ್ದ ಅವನ ಮನೆಯ ಮುಂದಿನ ಕಲ್ಲುಕಟ್ಟೆ ಈಗ ತಾನಾಗಿಯೇ ಕಚೇರಿಯಾಯಿತು. ಮಧ್ಯಾಹ್ನದ ಬಿಸಿಲು ಬೇವಿನ ಮರದಾಚೆ ಸರಿಯುತ್ತಲೇ ಜನ ಬಂದು ಕೂರುತ್ತಿದ್ದರು. ಕನ್ನಡ ಶಾಲೆಗೆ ಮಾಸ್ತರಿಲ್ಲ, ಎಮ್ಮೆಗಳಿಗೆ ಕಾಲುಬೇನೆ, ಎಸ್‌ಟಿ ಬಸ್ಸು ಊರೊಳಗೆ ಬರದೆ ದೊಡ್ಡ ರಸ್ತೆ ಕವಲೊಡೆಯುವ ಫಾಟಾದಲ್ಲೇ ಇಳಿಸಿ ಹೋಗುತ್ತದೆ. ಜಿನದತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳುತ್ತಿದ್ದ. ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಮಾಸ್ತರು ಬಂದರು, ದನದ ಡಾಕ್ಟರು ಬಂದರು, ದೀಪಾವಳಿಯ ಹೊತ್ತಿಗೆ ಬಸ್ಸೂ ಊರೊಳಗೆ ಬಂದು ಧೂಳೆಬ್ಬಿಸಿ ನಿಂತಿತು.

ಆದರೆ ಸೂರ್ಯ ಬೇವಿನ ಟೊಂಗೆಗಿಂತ ಕೆಳಗೆ ಇಳಿದನೆಂದರೆ ಅವನು ಎದ್ದುಬಿಡುತ್ತಿದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ, ಚಾತುರ್ಮಾಸಕ್ಕೆ ಬಂದ ಮುನಿಗಳ ಮುಂದೆ ಕುಳಿತು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲವೆಂದು ನೇಮ ಹಿಡಿದಿದ್ದ. ಉಣ್ಣುವಾಗ ಮಾತಾಡುವುದಿಲ್ಲವೆಂಬ ಮೌನವನ್ನೂ ಅದಕ್ಕೆ ತಾನೇ ಕೂಡಿಸಿಕೊಂಡಿದ್ದ. ಊಟ, ಆಮೇಲೆ ಬಸದಿಯ ಆರತಿ, ಆಮೇಲೆ ನಿದ್ದೆ. ಊರು ಆ ನೇಮಕ್ಕೆ ತಲೆಬಾಗಿತ್ತು, ತಮಾಷೆಯನ್ನೂ ಮಾಡುತ್ತಿತ್ತು. ಮೆಂಬರ್ರ ಆಫೀಸಿಗೆ ಸೂರ್ಯನೇ ಸಿಪಾಯಿ ಎಂದು ನಗುತ್ತಿದ್ದರು. ತಾಯಿ ಮಾಣಿಕಬಾಯಿ ಮಾತ್ರ ನಗುತ್ತಿರಲಿಲ್ಲ. ಮಗ ಕುರ್ಚಿ ಸಿಕ್ಕ ಮೇಲೂ ನೇಮ ಬಿಡಲಿಲ್ಲವೆಂಬುದು ಅವಳಿಗೆ ಆ ಕುರ್ಚಿಗಿಂತ ದೊಡ್ಡದಾಗಿತ್ತು.

ಊರಿನ ಪಡುವಣಕ್ಕೆ ಹಳ್ಳದಾಚೆ ಕುರುಬರ ವಸ್ತಿ. ಬೇಸಿಗೆಯಲ್ಲಿ ಆ ಹಳ್ಳ ಬರೀ ಉಸುಕು. ಆಷಾಢದಲ್ಲಿ ಅದೇ ಹಳ್ಳ ವಸ್ತಿಯನ್ನು ಊರಿನಿಂದ ಹರಿದು ಬೇರೆ ಮಾಡುತ್ತಿತ್ತು. ಚುನಾವಣೆಯ ದಿನಗಳಲ್ಲಿ ಜಿನದತ್ತ ಅಲ್ಲಿಯ ಬೀರಪ್ಪನ ಗುಡಿಗೆ ಹೋಗಿದ್ದಾಗ ವಸ್ತಿಯ ಹಿರಿಯ ಲಗಮಣ್ಣ ಹಿತ್ತಾಳೆಯ ಬಟ್ಟಲಲ್ಲಿ ಭಂಡಾರ ತಂದು ಅವನ ಮುಂದೆ ಹಿಡಿದಿದ್ದ. ಆ ಅರಿಶಿನದ ಪುಡಿ ಮುಟ್ಟಿ ಕೊಟ್ಟ ಮಾತು ಅವರಲ್ಲಿ ದೇವರ ಮಾತು. ಜಿನದತ್ತ ಬೆರಳದ್ದಿ, ಆರಿಸಿ ಬಂದರೆ ಹಳ್ಳ ದಾಟಲು ಒಂದು ಪೂಲು ಕಟ್ಟಿಸುತ್ತೇನೆ ಅಂದಿದ್ದ. ಮತದಾನದ ದಿನ ಇಡೀ ವಸ್ತಿ ಹಳ್ಳದ ಉಸುಕಿನಲ್ಲಿ ಸಾಲಾಗಿ ನಡೆದು ಬಂದಿತ್ತು. ಬೆರಳಿನ ಹಳದಿ ಅಳಿಸಲು ಅವನಿಗೆ ಎರಡು ಸ್ನಾನ ಬೇಕಾಗಿದ್ದವು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಅವನು ತಾಟಿನ ಮುಂದೆ ಕುಳಿತಿದ್ದಾಗ ಬಾಗಿಲಲ್ಲಿ ಹೆಣ್ಣುದನಿ ಕೇಳಿತು. ಲಗಮಣ್ಣನ ಹೆಂಡತಿ ದುಂಡವ್ವ. ಜಿನದತ್ತನ ಹೆಂಡತಿ ಶಾಲನ ಎದ್ದು ಹೋದಳು.

“ಅವರು ಊಟಕ್ಕ ಕುಂತಾರವ್ವಾ. ನಾಳೆ ಹೊತ್ತು ಮುಳುಗೂದ್ರಾಗ ಬಾ.”

“ಹೊತ್ತು ಇಳಿಯೂತನಾ ಕುರಿ ಬಯಲಾಗ ಇರತಾವ್ರಿ ಅಕ್ಕಾರ. ಅವನ್ನ ಯಾರ ಕೈಯಾಗ ಕೊಟ್ಟ ಬರ್ಲಿ?” ದುಂಡವ್ವ ದನಿ ತಗ್ಗಿಸಿದಳು. “ಗಡಹಿಂಗ್ಲಜ ಕಡೆ ಕೊಟ್ಟೇವಲ್ರಿ ಮಗಳು ಮಾಯವ್ವನ್ನ, ಆಕೀದು ಚೊಚ್ಚಲ ಐತಿ. ಬಾಣಂತನಕ್ಕ ಇಲ್ಲಿಗೇ ಬರತಾಳ. ಆಷಾಢದಾಗ ದಿನಾ ತುಂಬತಾವ. ಪೂಲಿಂದೇನಾತಂತ ಕೇಳಾಕ ಬಂದಿದ್ನಿ.”

ಜಿನದತ್ತನ ಕೈಯಲ್ಲಿ ರೊಟ್ಟಿಯ ತುತ್ತಿತ್ತು. ಮಾತು ಒಂದೂ ಬಿಡದೆ ಕೇಳಿತ್ತು. ಒಂದು ಸಲ ಕೆಮ್ಮಿದ್ದರೂ ಸಾಕಿತ್ತು, ಅವಳು ನಿಲ್ಲುತ್ತಿದ್ದಳು. ಕಿಟಕಿಯಲ್ಲಿ ಬೆಳಕು ಕೆಂಪಾಗುತ್ತಿತ್ತು. ಅವನು ತುತ್ತು ಬಾಯಿಗಿಟ್ಟ. ಊಟವಾದ ಮೇಲೆ ಶಾಲನ ಹೇಳಿದಾಗ, ಹೂಂ, ನಾಳೆ ಬರಲಿ ಅಂದ.

ಮರುದಿನ ಅವಳು ಬರಲಿಲ್ಲ. ಬರಲಾರಳೆಂದು ಅವನಿಗೆ ಗೊತ್ತಿತ್ತು. ಕೆಲವು ದಿನ ಬಿಟ್ಟು ಮತ್ತೆ ಅದೇ ವೇಳೆಗೇ ಬಂದಳು. ಕೈಯಲ್ಲೊಂದು ಸಣ್ಣ ಗಡಿಗೆಯಲ್ಲಿ ಬೆಣ್ಣೆ ತಂದಿದ್ದಳು. ಆವತ್ತೂ ತಾಟು ಮುಂದಿತ್ತು. ಆವತ್ತೂ ಶಾಲನಳೇ ಬಾಗಿಲಿಗೆ ಹೋದಳು. ಬೆಣ್ಣೆ ಒಳಗೆ ಬಂತು, ದುಂಡವ್ವ ಹಿಂದಿರುಗಿದಳು.

ಫಾಲ್ಗುಣದ ಒಂದು ಮಧ್ಯಾಹ್ನ ಸುಕುಮಾರ ಕಟ್ಟೆ ಹತ್ತಿದ. ದಾಯಾದಿ, ದೊಡ್ಡ ಕಬ್ಬಿನ ಬೆಳೆಗಾರ. ಬೆನ್ನ ಹಿಂದೆ ಇನ್ನೂ ನಾಲ್ಕೈದು ಬೆಳೆಗಾರರಿದ್ದರು. ಊರಿನ ಮೂಡಣಕ್ಕೆ, ಕಾರ್ಖಾನೆಗೆ ಹೋಗುವ ಗಾಡಿದಾರಿಯಲ್ಲಿ ಇನ್ನೊಂದು ಸಣ್ಣ ಹಳ್ಳವಿತ್ತು. ಆ ವರ್ಷ ಜಿನದತ್ತನ ಪಾಲಿಗೆ ಬಂದಿದ್ದುದು ಒಂದೇ ಪೂಲು, ಅದು ಗಾಡಿದಾರಿಗೆ ಆಗಬೇಕು ಎಂಬುದು ಅವರ ಬೇಡಿಕೆ. ಇಳಿಜಾರಿನಲ್ಲಿ ಎತ್ತುಗಳು ಮೊಣಕಾಲೂರಿ ಬೀಳುವುದನ್ನು ಸುಕುಮಾರ ನೋವಿನಿಂದಲೇ ವರ್ಣಿಸಿದ. ಅದು ಸುಳ್ಳಾಗಿರಲಿಲ್ಲ. ಕುರುಬರ ವಸ್ತಿಯ ಮಾತನ್ನು ಜಿನದತ್ತನೇ ತೆಗೆದ.

“ಕುರಿಗಿ ಪೂಲು ಯಾಕ ಬೇಕೋ ಮಾರಾಯಾ, ಅವು ಜಿಗಿತಾವ,” ಅಂದ ಸುಕುಮಾರ. ಎಲ್ಲರೂ ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದ: “ಅವರ ಪೈಕಿ ಯಾರರ ಈ ವರ್ಷ ನಿನ್ನ ಕಟ್ಟಿ ಹತ್ಯಾರೇನು?”

ಜಿನದತ್ತ ಕಟ್ಟೆಯ ಕಲ್ಲನ್ನು ನೋಡಿದ.

“ಇಲ್ಲ,” ಅಂದ. “ಕಟ್ಟಿಗಿ ಯಾರೂ ಬಂದಿಲ್ಲ.”

ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಅದೇ ಅವನನ್ನು ಕಾಪಾಡಿತು, ಸ್ವಲ್ಪ ಕಾಲ.

ಕೊಲ್ಲಾಪುರದ ಸಭೆಯಲ್ಲಿ, ಆ ಭಾಗದಲ್ಲಿ ಬೇರೆ ಯಾರದಾದರೂ ಬೇಡಿಕೆ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅವನು ‘ನಾಹೀ’ ಅಂದ. ಇನ್ನೊಂದು ಭಾಷೆಯಲ್ಲಿ ಆ ‘ಇಲ್ಲ’ ಇನ್ನೂ ಹಗುರವಾಗಿ ಬಂತು. ಹಿಂದಿರುಗುವಾಗ ಬಸ್ಸು ಇಚಲಕರಂಜಿಯಲ್ಲಿ ಕೆಟ್ಟು ನಿಂತಿತು. ಸ್ಟ್ಯಾಂಡಿನ ಹಿಂದಿನ ಓಣಿಗಳಿಂದ ಮಗ್ಗಗಳ ಖಟಖಟ ಒಂದೇ ಸಮನೆ ಕೇಳುತ್ತಿತ್ತು. ಅಲ್ಲೇ ಹೊತ್ತು ಮುಳುಗಿತು. ಜೊತೆಯವರು ಫಳಾರಕ್ಕೆ ಕರೆದರು. ಅವನು ನೀರೂ ಮುಟ್ಟದೆ ಕುಳಿತ. ಮರುದಿನ ಊರೆಲ್ಲ ಅದನ್ನು ಆಡಿಕೊಂಡಿತು. ಮೆಂಬರ್ರು ಇಡೀ ರಾತ್ರಿ ಉಪವಾಸ ಇದ್ದರೂ ನೇಮ ಬಿಡಲಿಲ್ಲ ಎಂದು. ಮಾಣಿಕಬಾಯಿಯ ಕಣ್ಣು ತುಂಬಿ ಬಂತು. ಆ ಹೊಗಳಿಕೆಯನ್ನು ಕೇಳುತ್ತ ಅವನಿಗೆ ಮೊದಲ ಸಲ ಒಳಗೆಲ್ಲೋ ಮುಳ್ಳಾಡಿತು.

ಗಾಡಿದಾರಿಯ ಪೂಲು ಮಳೆಗೆ ಮೊದಲೇ ಮುಗಿಯಿತು. ತೆಂಗಿನಕಾಯಿ ಒಡೆದರು, ಪೇಢೆ ಹಂಚಿದರು. ಕುರುಬರೂ ಬಂದು ದೂರ ನಿಂತು ನೋಡಿದರು. ಲಗಮಣ್ಣ ಪೂಲಿನ ಗೋಡೆಯನ್ನು ಅಂಗೈಯಿಂದ ತಟ್ಟಿ, ಕೆಲಸ ಗಟ್ಟಿ ಐತಿ ಅಂದ.

ಆಷಾಢದಲ್ಲಿ ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಒಂದು ಸಂಜೆ ಹಳ್ಳದಾಚೆಯಿಂದ ಕೂಗು ಬಂತು. ಜಿನದತ್ತ ಊಟಕ್ಕೆಂದು ಕೈ ತೊಳೆದಿದ್ದ. ಈ ಸಲ ಎದ್ದ. ದತ್ತವಾಡದಿಂದ ನರ್ಸಬಾಯಿ ಹೀರಾಬಾಯಿಯನ್ನು ಕರೆತರಿಸಿ ದಂಡೆಗೆ ಓಡಿದ. ಕೆಂಪು ನೀರು ಜಾಲಿಯ ಗಿಡಗಳನ್ನು ಬುಡಸಹಿತ ಹೊತ್ತು ಸಾಗುತ್ತಿತ್ತು. ಆ ದಂಡೆಯಲ್ಲಿ ಹೆಂಗಸರು ಕಂಬಳಿಗಳನ್ನು ಮರೆ ಹಿಡಿದು ನಿಂತಿದ್ದರು. ಬೇನೆ ತಿನ್ನುತ್ತಿದ್ದ ಮಾಯವ್ವನನ್ನು ನೀರಿನ ತನಕ ಹೊತ್ತು ತಂದಿದ್ದರು, ಮುಂದೆ ದಾರಿಯಿರಲಿಲ್ಲ.

ಹೀರಾಬಾಯಿ ಅತ್ತಿತ್ತ ನೋಡಿದಳು.

“ಪೂಲು ಕಟ್ಟಿಸೀರಿ ಅಂತ ಕೇಳಿದ್ನೆಲ್ರಿ ಮೆಂಬರ್ರ. ಎಲ್ಲೈತದು?”

“ಆ ಕಡೆ ಐತ್ರಿ,” ಅಂದ ಅವನು, ಊರಿನ ಮೂಡಣಕ್ಕೆ ಕೈ ತೋರಿಸಿ.

ಅವಳು ಆ ಕೈಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಬಿಗಿದು, ನೀರಿನ ಅಂಚಿನಲ್ಲಿ ನಿಂತು, ಹೆರಿಗೆಯ ಒಂದೊಂದೇ ಮಾತನ್ನು ಆಚೆ ದಂಡೆಗೆ ಕೂಗತೊಡಗಿದಳು. ಮಗ್ಗಲಿಗೆ ಹೊರಳಿಸಿರಿ. ಎಳೆಯಬೇಡಿರಿ, ತಡೆಯಿರಿ. ಅರ್ಧ ಮಾತು ದಾಟುತ್ತಿತ್ತು, ಅರ್ಧ ನೀರಿನ ಪಾಲಾಗುತ್ತಿತ್ತು. ಅವಳ ಗಂಟಲು ಕಟ್ಟಿದಾಗ ಜಿನದತ್ತ ಅವಳ ಮಾತನ್ನೇ ತಾನು ಕೂಗಿದ. ಗಂಡಸು ಆಡಬಾರದ ಮಾತುಗಳನ್ನು, ಹೆಸರೂ ಗೊತ್ತಿರದ ಸಂಗತಿಗಳನ್ನು, ಬಸದಿಯಲ್ಲಿ ಮಂತ್ರ ಹೇಳುವ ಅದೇ ದನಿಯಲ್ಲಿ ಕೂಗಿದ. ಕತ್ತಲಾಯಿತು. ಕಂಬಳಿಗಳು ಕೆಳಗಿಳಿದವು. ಮಾಯವ್ವ ಉಳಿದಳು ಎಂದು ಲಗಮಣ್ಣ ಕೂಗಿ ಹೇಳಿದ. ಕೂಸಿನ ಅಳು ಕೇಳಲಿಲ್ಲ.

ನೀರು ಇಳಿದ ಮೇಲೆ ಜಿನದತ್ತ ವಸ್ತಿಗೆ ಹೋದ. ಬೇಕೆಂದೇ ದೀಪ ಹಚ್ಚಿದ ಮೇಲೆ ಹೋದ, ಅವರು ಮನೆಯಲ್ಲಿರುವ ವೇಳೆಗೆ. ಹಟ್ಟಿಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಉಸಿರಾಡುತ್ತಿದ್ದವು. ಲಗಮಣ್ಣ ಉಣ್ಣೆ ನೂಲುತ್ತ ಕುಳಿತಿದ್ದ. ಮಾಯವ್ವ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನಿಗೆ ಚಾಪೆ ಹಾಸಿದ ದುಂಡವ್ವ, ಅವನು ಬಾಯಿ ತೆರೆಯುವ ಮೊದಲೇ ಮಾತಾಡಿದಳು.

“ನಮ್ಮದ ತಪ್ಪಾತ್ರಿ ಅಣ್ಣಾರ. ಒಂದಿನಾ ಕುರಿ ಬಿಟ್ಟು ಹೊತ್ತು ಮುಳುಗೂದ್ರಾಗ ಬರಬೇಕಿತ್ತು. ನಾ ಬಂದ ಸುದ್ದಿನ ನಿಮಗ ಮುಟ್ಟಲಿಲ್ಲೋ ಏನೋ.”

ಅವಳು ಆ ಮಾತನ್ನು ನಂಬಿದ್ದಳು. ಎಷ್ಟೋ ದಿನಗಳಿಂದ ಮಗಳ ತಲೆ ಸವರುತ್ತ ತನ್ನನ್ನೇ ಬೈದುಕೊಂಡಿದ್ದಳು ಎಂಬುದು ದನಿಯಲ್ಲೇ ತಿಳಿಯುತ್ತಿತ್ತು. ಜಿನದತ್ತ ಸುಮ್ಮನೆ ತಲೆ ತಗ್ಗಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಅವನನ್ನು ಹಳ್ಳದ ತನಕ ಕಂದೀಲು ಹಿಡಿದು ಕಳಿಸಿ ಬರುತ್ತಿದ್ದರು.

“ಮುಟ್ಟಿತ್ತು ದುಂಡವ್ವಾ,” ಅಂದ. “ಎರಡೂ ಸಲ ನಿನ್ನ ದನಿ ಕೇಳಿತ್ತು. ಮಾಯವ್ವಂದೂ ಕೇಳಿತ್ತು. ನಾ ಒಳಗ ಕುಂತಿದ್ನಿ.”

ತಕಲಿ ತಿರುಗುವುದು ನಿಂತಿತು. ದುಂಡವ್ವ ಅವನ ಮುಖವನ್ನೇ ನೋಡಿದಳು.

“ಕೇಳಿತ್ತು,” ಅಂದಳು ನಿಧಾನಕ್ಕೆ. “ಮತ್ತ ಉಂಡ್ರಿ.”

“ಹೂಂ. ಉಂಡ್ನಿ.”

ಒಳಗೆ ಮಾಯವ್ವ ಹೊರಳಿದ ಸದ್ದಾಯಿತು. ಅವನು ಮಗ್ಗುಲಲ್ಲೇ ಇದ್ದ ಬೀರಪ್ಪನ ಗುಡಿಯ ಕಡೆ ನೋಡಿದ. ಅದರ ಕಟ್ಟೆಯ ಮೇಲೆ ಅದೇ ಹಿತ್ತಾಳೆಯ ಬಟ್ಟಲಿತ್ತು. ಎದ್ದು ಅದರತ್ತ ಕೈ ಚಾಚಿದಾಗ ಲಗಮಣ್ಣ ತಡೆದ.

“ಭಂಡಾರ ಮತ್ತ ಮುಟ್ಟಬ್ಯಾಡ್ರಿ. ಒಮ್ಮೆ ಮುಟ್ಟೀರಿ, ಅದ ಸಾಕು. ಪೂಲು ಕಟ್ರಿ.”

ಮುಂದಿನ ಸಭೆಯಲ್ಲಿ ಜಿನದತ್ತ ಎದ್ದು ನಿಂತು, ಹಿಂದೆ ತಾನು ಹೇಳಿದ ‘ನಾಹೀ’ ಸರಿಯಲ್ಲ, ಬೇಡಿಕೆ ಇತ್ತು, ತನಗೆ ಗೊತ್ತಿತ್ತು ಅಂದ. ಕೆಲವರು ಮುಖ ಮುಖ ನೋಡಿಕೊಂಡರು. ಕಬ್ಬಿನ ಹೊಲಗಳ ದಾರಿಗೆ ಹಾಕಬೇಕೆಂದಿದ್ದ ಮುಂದಿನ ವರ್ಷದ ಕೆಲಸ ಕುರುಬರ ಹಳ್ಳಕ್ಕೆ ಹೋಯಿತೆಂದು ಸುಕುಮಾರ ಅವನೊಡನೆ ಮಾತು ಬಿಟ್ಟ. ಎಂಬತ್ತೊಂದರ ಮಳೆಗೆ ಮೊದಲು ಕುರುಬರ ಪೂಲು ಎದ್ದಿತು. ಕಾಯಿ ಒಡೆಯಲು ಕರೆದಾಗ ಅವನು ಹೀರಾಬಾಯಿಯ ಕೈಗೆ ಕೊಟ್ಟು ಹಿಂದೆ ಸರಿದ.

ಕಟ್ಟೆಯ ವೇಳೆ ಬದಲಾಯಿತು. ಈಗ ಅವನು ಬಿಸಿಲಿರುವಾಗಲೇ ಉಂಡು, ದೀಪ ಹಚ್ಚಿದ ಮೇಲೆ ಕಂದೀಲು ಇಟ್ಟುಕೊಂಡು ಕೂರುತ್ತಿದ್ದ. ಎಷ್ಟು ಸುಲಭವಿತ್ತು, ಊಟವನ್ನು ಒಂದೆರಡು ತಾಸು ಮುಂಚೆ ಸರಿಸುವುದು! ನೇಮಕ್ಕೂ ಭಂಗವಿರಲಿಲ್ಲ. ಆ ಸುಲಭವೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು. ಕುರುಬರು ಬರುತ್ತಿದ್ದರು, ಕೆಲಸದ ಮಾತಾಡಿ ಹೋಗುತ್ತಿದ್ದರು. ದುಂಡವ್ವ ಬರಲಿಲ್ಲ. ಬೆಣ್ಣೆಯೂ ಬರಲಿಲ್ಲ.

ಉಣ್ಣುವಾಗಿನ ಮೌನವನ್ನು ಅವನು ಬಿಟ್ಟ. ಬಾಗಿಲಲ್ಲಿ ಯಾರ ದನಿ ಕೇಳಿದರೂ, ಕಂಬಳಿ ಮಾರುವವನೇ ಇರಲಿ, ದಾರಿ ಕೇಳುವವನೇ ಇರಲಿ, ತಾಟಿನ ಮುಂದಿನಿಂದ ಎದ್ದುಬಿಡುತ್ತಿದ್ದ. ಒಮ್ಮೆ ಎದ್ದರೆ ಆ ಹೊತ್ತಿನ ಊಟ ಮುಗಿದಂತೆ. ಮತ್ತೆ ಕೂರುವಂತಿಲ್ಲ, ಅದು ಅವನೇ ಹಾಕಿಕೊಂಡ ಹೊಸ ನೇಮ. ಮಾಣಿಕಬಾಯಿ ಗೊಣಗಿದಳು, ಅತ್ತಳು. ಮೆಂಬರ್ರು ರಾಜಕಾರಣದ ಚಿಂತೆಗೆ ಸೊರಗಿದರೆಂದು ಊರು ಮಾತಾಡಿಕೊಂಡಿತು.

ಚಟ್ನಿ, ಪಲ್ಯ ಎಂದು ಮೊದಲಿನಂತೆ ಸಾವಕಾಶ ಬಡಿಸುವುದನ್ನು ಶಾಲನ ಬಿಟ್ಟಳು. ಅವನು ಕೂರುತ್ತಲೇ ಮೊದಲು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಮುಂದಿಡುತ್ತಿದ್ದಳು, ಎದ್ದುಹೋಗುವ ಮುಂಚೆ ಹೊಟ್ಟೆಗೆ ಅಷ್ಟಾದರೂ ಬೀಳಲಿ ಎಂದು. ಆಮೇಲೆ ಬಾಗಿಲ ಕಡೆ ಕಿವಿಗೊಟ್ಟು ಅವಳೂ ಅಲ್ಲೇ ಕೂರುತ್ತಿದ್ದಳು.