ರೀಸ್ಲಿಂಗ್, ಶಾಬ್ಲಿ ಮತ್ತು ನಮ್ಮ ಮನೆಯ ಮೂಗು

ನಮ್ಮ ಸಂಸಾರ ಯಜಮಾನರ ಮೂಗಿನ ಮೇಲೆ ನಿಂತಿತ್ತು ಎಂದರೆ ನೀವು ನಗಬಹುದು. ನಗಿ. ಮದುವೆಯಾದ ಹೊಸದರಲ್ಲಿ ನಾನೂ ನಕ್ಕಿದ್ದೇನೆ. ದೊಡ್ಡ ಹೋಟೆಲೊಂದರ ಊಟದ ಹಾಲ್‌ನಲ್ಲಿ ವೈನ್ ನೋಡಿಕೊಳ್ಳುವುದು ಅವರ ಕೆಲಸ. ಯಾವ ಊಟಕ್ಕೆ ಯಾವ ಬಾಟಲಿ, ಯಾವುದನ್ನು ಎಷ್ಟು ತಣ್ಣಗೆ ಕೊಡಬೇಕು, ಯಾವುದು ಕೆಟ್ಟಿದೆ ಎಂದು ಹೇಳುವವರು ಅವರೇ. ಹೊಸ ಸಪ್ಲೈಯರ್‌ಗಳಿಗೆ ಪಾಠವನ್ನೂ ಹೇಳುತ್ತಿದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವರು ‘ಮೂಗು ಮೇಷ್ಟ್ರು’. ಮನೆಗೆ ಬಂದರೂ ಮೇಷ್ಟ್ರಗಿರಿ ಬಿಡುತ್ತಿರಲಿಲ್ಲ. ನಾನು ಬಾಗಿಲು ತೆಗೆಯುವಷ್ಟರಲ್ಲಿ, “ಸೋಪು ಬದಲಾಯಿಸಿದ್ಯಾ?” ಎನ್ನುವರು. ಇಂಥ ಗಂಡನ ಜೊತೆ ಬಾಳುವುದೂ ಒಂದೇ, ಪೊಲೀಸಿನವನ ಜೊತೆ ಬಾಳುವುದೂ ಒಂದೇ.

ಆ ಮೂಗು ಒಂದು ಜ್ವರಕ್ಕೆ ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಹಾಲು ತಳ ಹಿಡಿದು ಮನೆಯೆಲ್ಲ ಸೀದ ನಾತ ಹೊಡೆಯುತ್ತಿದ್ದರೂ ಅವರು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು. ಬಚ್ಚಲಿನಿಂದ ಓಡಿ ಬಂದು ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಒಲೆ ಆರಿಸಿದೆ. ಡಾಕ್ಟರು, “ಬಂದರೂ ಬರಬಹುದು, ಬರದೇನೂ ಇರಬಹುದು,” ಎಂದರು. ಇಷ್ಟು ಹೇಳುವುದಕ್ಕೆ ನಾನೇ ಸಾಕಾಗಿತ್ತು.

“ಹೋಟ್ಲಲ್ಲಿ ಯಾರಿಗೂ ಗೊತ್ತಾಗಬಾರದು,” ಎಂದರು ನಮ್ಮವರು. ಗೊತ್ತಾದರೆ ಕೆಲಸಕ್ಕೇ ಸಂಚಕಾರ. ವಾಸನೆ ಬರದ ವೈನ್ ಮೇಷ್ಟ್ರನ್ನು ಕಟ್ಟಿಕೊಂಡು ಅವರಾದರೂ ಏನು ಮಾಡುತ್ತಾರೆ? ಹೇಗೋ ದಿನ ತಳ್ಳುತ್ತಿದ್ದರು. ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಉಳಿದದ್ದನ್ನು ನೆನಪಿನಿಂದ ತುಂಬುತ್ತಿದ್ದರು. ಬಾಟಲಿ ತೆರೆದಾಗ ಮೊದಲು ಪಕ್ಕದ ಸಪ್ಲೈಯರ್‌ಗೆ ಮೂಸಲು ಕೊಟ್ಟು, “ನೀನೇ ಹೇಳು ನೋಡೋಣ,” ಎಂದು ಪಾಠ ಹೇಳುವವರಂತೆ ನಟಿಸುತ್ತಿದ್ದರು. ಮನೆಗೆ ಬರುವಾಗ ಹಿಂಡಿದ ಬಟ್ಟೆಯಾಗಿರುತ್ತಿದ್ದರು. ಯಾರಾದರೂ ಫೋನ್ ಮಾಡಿದರೂ ಹೋಟೆಲಿನವರೇ ಇರಬೇಕು ಎಂದು ಹೆದರುತ್ತಿದ್ದೆ. ಗುಟ್ಟು ಅವರದು, ಅದನ್ನು ಕಾಯುವ ಸುಸ್ತು ಇಬ್ಬರದೂ.

ಸಾಲದ್ದಕ್ಕೆ ಈ ಎರಡು ಬಿಳಿ ವೈನ್‌ಗಳ ತಲೆನೋವು ಬಂತು. ಗ್ಲಾಸಿನ ಲೆಕ್ಕದಲ್ಲಿ ಕೊಡುವುದಕ್ಕೆ ಒಂದೇ ಬಿಳಿ ವೈನ್ ಇಟ್ಟುಕೊಳ್ಳೋಣ ಎಂದು ಮ್ಯಾನೇಜರ್ ತೀರ್ಮಾನಿಸಿದರು. ಒಂದು ಜರ್ಮನಿಯ ರೀಸ್ಲಿಂಗ್, ಇನ್ನೊಂದು ಫ್ರಾನ್ಸಿನ ಶಾಬ್ಲಿ. ಎಲ್ಲರೆದುರು ಎರಡನ್ನೂ ಹೋಲಿಸಿ, ಯಾವುದು ಆಗಬಹುದು ಎಂದು ಮೇಷ್ಟ್ರೇ ಮೊದಲು ಹೇಳಬೇಕು; ಸಪ್ಲೈಯರ್‌ನ ಮೂಗನ್ನು ಮುಂದೆ ಮಾಡುವ ಹಾಗಿಲ್ಲ.

ರಜೆಯ ದಿನ ಎರಡೂ ಬಾಟಲಿ ಅಡುಗೆಮನೆಗೆ ಬಂದವು. “ನಿನ್ನ ಮೂಗು ಸ್ವಲ್ಪ ಕೊಡು,” ಎಂದರು. ವೈನ್ ಎಂದರೆ ನನ್ನ ಲೆಕ್ಕದಲ್ಲಿ ಕೆಮ್ಮಿನ ಔಷಧಿಯ ದೊಡ್ಡಣ್ಣ. ಆದರೂ ಕೈ ತೊಳೆದು ಕೂತೆ.

ರೀಸ್ಲಿಂಗಿನದು ಉದ್ದನೆಯ ಬಡಕಲು ಬಾಟಲಿ. ಗ್ಲಾಸಿಗೆ ಮೂಗಿಟ್ಟೆ. “ನಿಂಬೆ ಸಿಪ್ಪೆ... ಹಸಿರು ಸೇಬು... ಅಯ್ಯೋ, ಸೀಮೆಎಣ್ಣೆ ರೀ! ಯಾರೋ ಸ್ಟೌ ಹಚ್ಚಿದ ಹಾಗಿದೆ. ಕೆಟ್ಟುಹೋಗಿದೆ ಇದು.”

ಅವರ ಮುಖ ಅರಳಿತು. “ಕೆಟ್ಟಿಲ್ಲ ಕಣೇ. ವಯಸ್ಸಾದ ರೀಸ್ಲಿಂಗಿನ ಗುರುತೇ ಅದು. ಒಂದು ಗುಟುಕು ಬಾಯಿಗೆ ಹಾಕ್ಕೋ.”

“ಮೊದಲು ಸಿಹಿ ಅನ್ನಿಸ್ತು. ಅಷ್ಟರಲ್ಲಿ ಹುಳಿ ಬಂದು ಎಲ್ಲಾ ಒರೆಸಿಬಿಡ್ತು.”

ಶಾಬ್ಲಿಯನ್ನು ಎಷ್ಟು ಮೂಸಿದರೂ ಏನೂ ಸಿಗಲಿಲ್ಲ. “ಇದಕ್ಕೂ ಜ್ವರ ಬಂದಿತ್ತಾ?” ಎಂದೆ. ಅವರಿಗೆ ನಗು ಬಂತು.

“ಫ್ರಿಜ್ಜಿಂದ ಈಗ ತಾನೇ ತೆಗೆದಿದ್ದು. ತೀರಾ ತಣ್ಣಗಿದ್ರೆ ಬಾಯಿ ಬಿಡಲ್ಲ. ಅಂಗೈಯಲ್ಲಿ ಹಿಡ್ಕೊಂಡಿರು.”

ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ನಿಧಾನವಾಗಿ ಏನೋ ಬಂತು. “ಸ್ಲೇಟನ್ನ ಒದ್ದೆ ಬಟ್ಟೇಲಿ ಒರೆಸ್ತಿದ್ವಲ್ಲ, ಹಾಗೆ. ಸೀಮೆಸುಣ್ಣದ ಪುಡಿ. ಸಿಹಿ ಹೆಸರಿಗೂ ಇಲ್ಲ. ಕಡಿಮೆ ಮಾತಿನ ಷಡ್ಡಕ ಇದ್ದ ಹಾಗಿದೆ. ಬಂದ, ಉಂಡ, ಹೋದ.”

“ಹಾಗಾದ್ರೆ ರೀಸ್ಲಿಂಗು?”

“ಚಪ್ಪಲಿ ಬಿಡೋಕೆ ಮುಂಚೆನೇ ಮಾತು ಶುರು ಮಾಡೋ ಚಿಕ್ಕಮ್ಮ. ಒಳ್ಳೆಯವಳೇ. ಆದ್ರೆ ದಿನಾ ಊಟಕ್ಕೆ ಬಂದ್ರೆ ಕಷ್ಟ.”

ಆ ಮಾತು ಅವರಿಗೆ ಬಹಳ ಹಿಡಿಸಿತು. ಊಟಕ್ಕೆ ಅಡ್ಡಬರದ ಶಾಬ್ಲಿಯೇ ಸರಿ ಎಂದು ಅಲ್ಲೇ ತೀರ್ಮಾನವಾಯಿತು. ಆಮೇಲೆ ನನ್ನ ಮಾತುಗಳನ್ನೇ ಉರು ಹೊಡೆಯುತ್ತ ಮನೆಯೆಲ್ಲ ಓಡಾಡಿದರು. ಊರಿಗೆಲ್ಲ ವಾಸನೆ ಹೇಳಿಕೊಟ್ಟವರು ಹೆಂಡತಿಯಿಂದ ಪಾಠ ಹೇಳಿಸಿಕೊಂಡಿದ್ದರು.

ಮುಂದಿನದು ಅವರ ಬಾಯಿಂದಲೇ ಕೇಳಿದ್ದು. ಹೋಟೆಲಿನಲ್ಲಿ ಹೊಸ ಬಾಟಲಿಗಳನ್ನು ತೆರೆದರು. ಎಲ್ಲರ ಗ್ಲಾಸಿಗೂ ಸುರಿದರು. ರೀಸ್ಲಿಂಗ್ ಸರಾಗವಾಗಿ ಹೋಯಿತು. ಚಿಕ್ಕಮ್ಮನ ಮಾತಿಗೆ ಮ್ಯಾನೇಜರ್ ಕೂಡ ನಕ್ಕರು. ಆಮೇಲೆ ಶಾಬ್ಲಿ. ಗ್ಲಾಸು ತಿರುಗಿಸಿ, ಮೂಗಿಟ್ಟು, ಕಣ್ಣು ಮುಚ್ಚಿ, “ಒದ್ದೆ ಸ್ಲೇಟು, ಸೀಮೆಸುಣ್ಣ. ಇಷ್ಟು ಶುದ್ಧವಾದದ್ದು ಸಿಗಲ್ಲ ಸಾರ್, ಇದನ್ನೇ ಇಟ್ಕೊಳ್ಳೋಣ,” ಎಂದರು. ಮ್ಯಾನೇಜರ್ ಒಮ್ಮೆ ಮೂಸಿ ಗ್ಲಾಸನ್ನು ಕೆಳಗಿಟ್ಟರು.

ಆ ಬಾಟಲಿಯ ಬಿರಡೆ, ಅಂದರೆ ಬಾಯಿಗೆ ಹಾಕಿದ ಕಾರ್ಕು, ಕೆಟ್ಟಿತ್ತು. ಬಿರಡೆಯಿಂದ ಕೆಟ್ಟ ವೈನು ನೆನೆದ ರಟ್ಟಿನ ಪೆಟ್ಟಿಗೆಯಂತೆ ಮುಗ್ಗಲು ನಾರುತ್ತದೆ. ಹುಳಿ ಹುಳಿಯಾಗಿಯೇ ಇರುವುದರಿಂದ ಬರೀ ನಾಲಿಗೆಗೆ ಅದು ಸಿಕ್ಕಿಬೀಳುವುದಿಲ್ಲ. ಸಪ್ಲೈಯರ್‌ಗಳಿಗೆ ನಮ್ಮವರು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು.

ಆಗ ಅವರೇ ತಿದ್ದಿ ಬೆಳೆಸಿದ ಹಿರಿಯ ಸಪ್ಲೈಯರ್ ಜೋರಾಗಿ ನಕ್ಕು, “ಮೇಷ್ಟ್ರು ನಮ್ಮನ್ನ ಪರೀಕ್ಷೆ ಮಾಡ್ತಿದಾರೆ ಸಾರ್!” ಎಂದ. ನಂಬಲಾರದ ಮಾತೇನಲ್ಲ. ಕೆಟ್ಟ ವೈನನ್ನು ಬೇಕೆಂದೇ ಹೊಗಳಿ, ‘ಇಲ್ಲ ಮೇಷ್ಟ್ರೇ, ಕೆಟ್ಟಿದೆ’ ಎನ್ನುವ ಧೈರ್ಯ ಯಾರಿಗಿದೆ ಎಂದು ನೋಡುವುದು ಅವರ ಪಾಠದ ರೀತಿಯೇ ಆಗಿತ್ತು. ಮ್ಯಾನೇಜರ್ ಮುಖ ಸಡಿಲವಾಯಿತು. ನಮ್ಮವರು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

“ಪರೀಕ್ಷೆ ಅಲ್ಲ ಸಾರ್,” ಎಂದರಂತೆ. “ಜ್ವರ ಬಂದಾಗಿಂದ ನನಗೆ ವಾಸನೆ ಬರ್ತಿಲ್ಲ. ಇಲ್ಲಿ ಹೇಳಿದ್ದೆಲ್ಲ ನನ್ನ ಹೆಂಡತಿ ಮಾತು.”

ಕೇಳಿ ನನಗೆ ಮೈಯೆಲ್ಲ ಉರಿಯಿತು. “ಅವನು ದಾರಿ ಮಾಡಿಕೊಟ್ಟಿದ್ನಲ್ಲ ರೀ! ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವರು ಷೂ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. “ಅವನಿಗೆ ಗೊತ್ತಾಗಿಹೋಗಿತ್ತು ಕಣೇ. ನಾನು ಕಲಿಸಿದವನಲ್ವಾ? ಗೊತ್ತಿದ್ದೂ ನನಗೋಸ್ಕರ ಸುಳ್ಳು ಹೇಳ್ದ. ಇಷ್ಟು ದಿನ ನಿನ್ನ ಕೈಲಿ ಹೇಳಿಸ್ದೆ, ಇನ್ಮೇಲೆ ಅವನ ಕೈಲೂ ಹೇಳಿಸ್ಬೇಕಾಗ್ತಿತ್ತು. ಸಾಕಾಯ್ತು.”

ಮ್ಯಾನೇಜರ್ ಕೆಟ್ಟವರಲ್ಲ. ಮನೆಗೆ ಕಳಿಸಲಿಲ್ಲ. ನಾಳೆಯಿಂದ ಬಾಟಲಿ ಮುಟ್ಟುವ ಹಾಗಿಲ್ಲ, ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಫೋನಿನಲ್ಲಿ ಟೇಬಲ್ ಬುಕಿಂಗ್ ತೆಗೆದುಕೊಳ್ಳಬೇಕು. ವೈನ್ ನೋಡಿಕೊಳ್ಳುವವರ ಗುರುತಾಗಿ ಕೋಟಿನ ಮೇಲಿದ್ದ ದ್ರಾಕ್ಷಿ ಗೊಂಚಲಿನ ಪಿನ್ನನ್ನು ನಮ್ಮವರೇ ಬಿಚ್ಚಿ ಅಲ್ಲಿಟ್ಟು ಬಂದಿದ್ದರು. ಯಾರೂ ಕೇಳಿರಲಿಲ್ಲ.

ಊಟಕ್ಕೆ ಬಡಿಸಿದೆ. ಅಭ್ಯಾಸ ಬಲದಿಂದ, “ಹೇಗಿದೆ?” ಎಂದೆ. ಜ್ವರ ಬಿಟ್ಟಂದಿನಿಂದಲೂ ಈ ಪ್ರಶ್ನೆಗೆ, “ಚೆನ್ನಾಗಿದೆ, ಉಪ್ಪು ಖಾರ ಎಲ್ಲಾ ತಿಳಿಯುತ್ತೆ,” ಎಂದು ಹೇಳಿ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದರು. ನಾನೂ ನಂಬಿದ್ದೆ. ನಂಬುವುದು ನನಗೂ ಬೇಕಾಗಿತ್ತು.

ಆವತ್ತು ತುತ್ತು ನುಂಗಿ, ನೀರು ಕುಡಿದು, ನನ್ನ ಮುಖ ನೋಡಿದರು. “ಉಪ್ಪು ಹಾಕಿದ ಮಣ್ಣು ತಿಂದ ಹಾಗಿದೆ ಕಣೇ. ಜ್ವರ ಬಂದಾಗಿಂದ ದಿನಾ ಹೀಗೇ.”

ಹೋಟೆಲಿನವರಿಂದ ಮುಚ್ಚಿಡಲು ನಾನು ಜೊತೆಗಿದ್ದೆ. ನನ್ನಿಂದ ಮುಚ್ಚಿಡುವಾಗ ಅವರು ಒಬ್ಬರೇ ಇದ್ದರು. ಸಿಟ್ಟು ಬರಬೇಕಿತ್ತು, ಅಳು ಬಂತು. “ಹಾಗಿದ್ರೆ ಯಾಕ್ರೀ ಎರಡನೇ ಸಲ ಹಾಕಿಸ್ಕೋತಿದ್ರಿ?”

“ನೀನು ನನ್ನ ಬಾಯನ್ನೇ ನೋಡ್ತಾ ಕೂತಿರ್ತಿದ್ಯಲ್ಲ.”

ಅರ್ಧ ಊಟ ತಟ್ಟೆಯಲ್ಲೇ ಬಿಟ್ಟು ಎದ್ದರು. ಇನ್ನೊಂದು ತುತ್ತು ತಿನ್ನಿ ಎಂದು ನಾನು ಒತ್ತಾಯ ಮಾಡಲಿಲ್ಲ.