ಸಂಧಾನದ ದಿನ ಹೊದಿಸಿದ ಶಾಲು

ಸಂಬಳಕ್ಕೆ ಫುಟ್‌ಬಾಲ್ ಆಡಿದವನು ನಾನು. ಬೆಂಗಳೂರಿನ ಕಾರ್ಖಾನೆಯೊಂದರ ತಂಡದಲ್ಲಿ ಎಂಟು ವರ್ಷ ಓಡಿದೆ. ಮೊಣಕಾಲು ಕೈಕೊಟ್ಟ ಮೇಲೆ ಕಾರ್ಮಿಕ ಇಲಾಖೆ ಸೇರಿದೆ. ಎಪ್ಪತ್ತರ ದಶಕದ ಕೊನೆಗೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ನನ್ನ ಕೊರಳಿಗೆ ಬಿದ್ದವು. ಮಾಲಕರಿಗೂ ಕೆಲಸಗಾರರಿಗೂ ಜಗಳವಾದರೆ ಬಸ್ಸು ಹತ್ತಿ ಹೋಗಿ ರಾಜಿ ಮಾಡಿಸಬೇಕು. ನನ್ನ ಆಟದ ಸುದ್ದಿ ಅಲ್ಲಿ ಯಾರಿಗೂ ಬೇಡವಾಗಿತ್ತು. ಕುಸ್ತಿ ಹಿಡಿದವನಾಗಿದ್ದರೆ ಒಂದಿಷ್ಟು ಮರ್ಯಾದೆ ಸಿಗುತ್ತಿತ್ತೇನೋ.

ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲನೊಬ್ಬನನ್ನು ಕೆಲಸದಿಂದ ತೆಗೆದರು. ಸೊಂಟ ಹಿಡಿದವರಿಗೆ ಚೀಲ ಹೊರಿಸಬೇಡಿ ಎಂದು ಕೇಳಿದ್ದೇ ಅವನ ತಪ್ಪು. ಅವನು ಒಳಗೆ ಬರುವ ತನಕ ಚೀಲ ಮುಟ್ಟುವುದಿಲ್ಲವೆಂದು ಉಳಿದವರು ಕೂತರು. ಎರಡು ವಾರ ಅಲೆದಾಡಿ ಎರಡೂ ಕಡೆಯವರನ್ನು ಮಾತುಕತೆಗೆ ಒಪ್ಪಿಸಿದೆ. ಅವನನ್ನು ತಿರುಗಿ ತೆಗೆದುಕೊಳ್ಳುತ್ತೇನೆ, ನಾಳೆ ಎಲ್ಲರೆದುರು ಹೇಳುತ್ತೇನೆ ಎಂದು ಮಾಲಕರು ಹಿಂದಿನ ಸಂಜೆ ನನಗೊಬ್ಬನಿಗೇ ಮಾತು ಕೊಟ್ಟರು.

ಮರುದಿನ ಗಿರಣಿಯ ಅಂಗಳಕ್ಕೆ ಹೋದರೆ ಹಾರ, ಶಾಲು ಸಿದ್ಧ! "ಇಂಥಾ ದೊಡ್ಡ ಆಟಗಾರರು ನಮ್ಮೂರಿಗೆ ಬಂದಾರ, ಹಂಗ ಕಳಸಾಕ ಬರತೈತೇನ್ರಿ?" ಎಂದರು ಮಾಲಕರು. ಅಲ್ಲಿ ನನ್ನ ಆಟದ ಮಾತೆತ್ತಿದ ಮೊದಲ ಮನುಷ್ಯ. ಹಿಗ್ಗಿ ಹೀರೇಕಾಯಿಯಾದೆ. ನಾಚಿಕೆಯಿಲ್ಲದೆ ಕೊರಳೊಡ್ಡಿದೆ.

ಗೇಟಿನಲ್ಲಿ ನಿಂತು ನೋಡಿದ ಹಮಾಲರು ಒಳಗೆ ಬರಲೇ ಇಲ್ಲ. ಓಡಿಹೋಗಿ ಕರೆದೆ. ಅವರಲ್ಲಿ ಹಿರಿಯ ಹೇಳಿದ: "ಸಾಹೇಬ್ರ, ನ್ಯಾಯ ಮುಗಿಯೂತನಕ ನಮ್ಮ ಕಡೆ ಪಂಚರು ಯಾರ ಮನಿ ನೀರೂ ಕುಡಿಯಂಗಿಲ್ರಿ. ನೀವು ಶಾಲನ ಹೊತಗೊಂಡ್ರಿ. ಇನ್ನ ನಾವ್ಯಾಕ ಕುಂದ್ರೂದು?"

"ಅದು ನನ್ನ ಆಟಕ್ಕೆ ಕೊಟ್ಟದ್ದು, ಯಜಮಾನ್ರೇ!" ಎಂದು ಕೂಗಿದೆ.

"ನಿಮ್ಮ ಆಟ ನಾವು ನೋಡಿಲ್ರಿ," ಎಂದು ಅವನು ಎಲ್ಲರನ್ನೂ ಕರೆದುಕೊಂಡು ಹೊರಟೇಬಿಟ್ಟ.

ಮೈಯೆಲ್ಲ ಉರಿಯಿತು. ಮಾಲಕರ ಮೇಲೆ, ಹಮಾಲರ ಹಟದ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಆ ಪದ್ಧತಿ ನನಗೆ ಯಾರೂ ಹೇಳಿರಲಿಲ್ಲ ನಿಜ, ನಾನೂ ಯಾರನ್ನೂ ಕೇಳಿರಲಿಲ್ಲ. ಮಾತಿಗೆ ಬಾರದವರಿಗೆ ಕೊಟ್ಟ ಮಾತೂ ಇಲ್ಲ ಎಂದು ಮಾಲಕರು ಕೈತೊಳೆದುಕೊಂಡರು. ವಾರದೊಳಗೆ ಹಮಾಲರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು, ಕೆಲಸದಿಂದ ತೆಗೆದಿದ್ದ ಅವನೊಬ್ಬನನ್ನು ಬಿಟ್ಟು.

ಕೆಲವು ತಿಂಗಳ ಮೇಲೆ ಅವನು ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಕೆಲಸ ಹುಡುಕಿಕೊಂಡು ಸವಣೂರಿಗೆ ಹೊರಟಿದ್ದ. ನಮಸ್ಕಾರ ಮಾಡಿ ಕೇಳಿದ: "ಅವತ್ತ ಎಲ್ಲಾರೂ ಒಳಗ ಬಂದು ಕುಂತಿದ್ರ ನನ್ನ ತಿರುಗಿ ತೊಗೋತಿದ್ರೇನ್ರಿ?"

ಆ ಸಂಜೆ ಮಾಲಕರು ಕೊಟ್ಟ ಮಾತು ನನಗೊಬ್ಬನಿಗೇ ಗೊತ್ತಿತ್ತು. "ಇಲ್ಲಪ್ಪ," ಎಂದೆ.