ಬಾಣದ ಗುರುತಿಗೆ ಎದುರಾಗಿ ಒಂದು ಸುತ್ತು

ಗೆಳೆಯರೇ, ಸಾಗರದ ಹೊರಗೆ ಪಾಳುಬಿದ್ದ ಹಳೆಯ ಕಾರ್ ರೇಸ್ ಟ್ರ್ಯಾಕಿನಲ್ಲಿ ಈಗ ಡ್ರೈವಿಂಗ್ ಪರೀಕ್ಷೆ ನಡೆಯುತ್ತದೆ. ಇವತ್ತು ಸಾಲಿನಲ್ಲಿ ನನ್ನ ಮುಂದಿದ್ದವರು ಎಂಬತ್ತು ದಾಟಿದ ಒಬ್ಬ ಅಜ್ಜ. ಅರವತ್ತರ ದಶಕದಲ್ಲಿ ಇಲ್ಲೇ ರೇಸಿನಲ್ಲಿ ಕಾರು ಓಡಿಸಿದವರಂತೆ. ಲೈಸೆನ್ಸ್ ನವೀಕರಿಸಿಕೊಂಡು ಇನ್ನೊಂದಿಷ್ಟು ದಿನ ಕಾರು ಓಡಿಸಬೇಕೆಂಬುದಷ್ಟೇ ಅವರ ಆಸೆ. ಹೊರಟವರೇ ನೆಲದ ಮೇಲಿನ ಬಾಣದ ಗುರುತಿಗೆ ಎದುರಾಗಿ ತಿರುಗಿದರು.

"ಅಜ್ಜಾ, ನಿಲ್ಸಿ! ರಾಂಗ್ ಸೈಡು!" ಇನ್ಸ್‌ಪೆಕ್ಟರ್ ಹಿಂದೆಯೇ ಓಡಿದರು.

"ಇಲ್ಲಿ ಎಲ್ರೂ ಎಡಕ್ಕೇ ಸುತ್ತದು ಮಾರಾಯ್ರೇ. ಬಾಣ ಬರೆದೋರ್ನ ಕೇಳಿ."

"ಬರೆಸಿದ್ದು ನಾನೇ!"

"ಹಂಗಾರೆ ನೀವು ರೇಸ್ ನೋಡಿಲ್ಲ ಬಿಡಿ."

ಅಜ್ಜನಿಗೆ ಲೈಸೆನ್ಸ್ ಸಿಗಲಿಲ್ಲ. ಬಾಣ ನೋಡಿಕೊಂಡು ಹೋದ ನಾನು ಪಾಸಾದೆ. ಆ ಟ್ರ್ಯಾಕಿನ ಚರಿತ್ರೆಯಲ್ಲೇ ಅತಿ ನಿಧಾನದ ಸುತ್ತು ನನ್ನದಿರಬೇಕು. ಆದರೂ ಆ ಅಜ್ಜ ಒಬ್ಬರು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು.